ಕ್ಯಾಮ್ ಶಾಫ್ಟ್ ಬದಲಿಸಿದ್ದು, ಬೀಗರು ಬಂದಿದ್ದು

ಲಾರಿ ಎಂಜಿನ್ ಒಳಗ ಬರೀ ಕಬ್ಬಿಣ ಇರತೈತಿ ಅಂತ ತಿಳಕಂಡೋರು ನಮ್ಮ ಕೊಟ್ಟೂರಿನ ಗ್ಯಾರೇಜಿಗೆ ಬಂದು ಒಂದಿನ ಕುಂದ್ರಬೇಕು. ನಾನು ಒಂದು ನಟ್ಟು ಸಡಲ ಮಾಡಿದ್ರ ಹಿಂದ ಒಂದು ಸಂಸಾರನ ಹೊರಗ ಬೀಳತೈತಿ. ಬರೀ ರಿಪೇರಿ ಅಂತ ಬಂದ ಗಾಡಿ ನನ್ನ ಕೈಗೆ ಇನ್ನೂ ಸಿಕ್ಕಿಲ್ಲ. ಈ ಒಂದು ಲಾರಿದ ಕೇಳ್ರಿ.

೧. ಎಲ್ಲಾರೂ ಡಾಕ್ಟ್ರು

ಕೂಡ್ಲಿಗಿ ಕಡಿ ಹುಡುಗ. ಅವರಪ್ಪನ ಕಾಲದ ಲಾರಿ, ಮೆಕ್ಕೆಜೋಳದ ಲೋಡು ಹೊಡಿತಾನ. ಗಾಡಿ ಬರೋಕಿಂತ ಮೊದ್ಲ ಅದರ ಟಕಟಕ ಸಪ್ಪಳ ಬಂತು. ನಾನು ಬಾನೆಟ್ ಎತ್ತೋದ್ರೊಳಗ ಎದುರಿನ ಚಾದಂಗಡಿಯೋರೆಲ್ಲ ಸುತ್ತ ನಿಂತಿದ್ರು.

"ಗೇರ್ ಬಾಕ್ಸು" ಅಂದ ಒಬ್ಬ.

"ಡೀಸೆಲ್‌ನ್ಯಾಗ ನೀರು ಸೇರೈತಿ" ಅಂದ ಇನ್ನೊಬ್ಬ.

ಎಮ್ಮಿ ಹೊಡಕಂಡು ಹೊಂಟಿದ್ದ ಒಬ್ಬ ಅಜ್ಜ ಕಿವಿ ಕೊಟ್ಟು ಕೇಳಿ, "ಹೊಟ್ಟಿ ಉಬ್ಬರ" ಅಂದ.

ಬಿಚ್ಚಿ ನೋಡಿದ್ರ ಕ್ಯಾಮ್ ಶಾಫ್ಟ್ ಸವದಿತ್ತು, ಟೈಮಿಂಗ್ ಗೇರಿನ ಹಲ್ಲು ಮುಕ್ಕಾಗಿದ್ವು.

"ಕ್ಯಾಮ್ ಶಾಫ್ಟ್ ಏನ್ ಮಾಡತೈತ್ರಿ ಮೇಸ್ತ್ರಿ?" ಅಂದ ಹುಡುಗ.

"ನಿಮ್ಮನ್ಯಾಗ ಅವ್ವ ಇದ್ದಂಗ. ಯಾವ ವಾಲ್ವು ಯಾವಾಗ ಬಾಯಿ ತೆರೀಬೇಕು, ಯಾವಾಗ ಮುಚ್ಚಬೇಕು ಅಂತ ಅದ ಹೇಳೋದು. ಟೈಮಿಂಗ್ ಗೇರು ಅಂದ್ರ ಆ ಅವ್ವ ನೋಡೋ ಗಡಿಯಾರ. ಎರಡೂ ಬದಲಿ ಮಾಡಬೇಕು."

ಹುಡುಗ ತಲಿ ಮ್ಯಾಲ ಕೈ ಹೊತ್ತು ಕುಂತ. "ಸೋಮವಾರ ತೆಲಿಗಿಯಿಂದ ಹೆಣ್ಣಿನೋರು ನನ್ನ ನೋಡಾಕ ಬರತಾರ್ರಿ. ಸ್ವಂತ ಲಾರಿ ಐತಿ ಅಂತ ಹೇಳೀವಿ. ಹುಡುಗಿಯಪ್ಪ ಹಳೇ ಡ್ರೈವರ್ರು, ಗಾಡಿ ನೋಡೇ ಮಾತು ಅಂದಾನ. ಹಿಂದಿನ ಸಂಬಂಧನೂ ತಪ್ಪೈತಿ. ಇದೂ ತಪ್ಪಿದ್ರ ನಾನು ಲಾರಿನ ಮದುವಿ ಆಗಬೇಕು."

ಅಜ್ಜ ಇನ್ನೂ ಹೋಗಿರಲಿಲ್ಲ. "ನಾ ಹೇಳಿಲ್ಲೇನು, ಹೊಟ್ಟ್ಯಾಗಿಂದು ಅಂತ" ಅಂದು ಎಮ್ಮಿ ಹೊಡಕಂಡು ಹೋದ. ಫೀಸೇನೂ ಕೇಳಲಿಲ್ಲ.

೨. ಸೀಟು ಸಿಕ್ಕಿದ್ದು

ಹೊಸ ಶಾಫ್ಟು, ಗೇರಿನ ಸೆಟ್ಟು ತರಾಕ ಹುಡುಗನ್ನ ದಾವಣಗೆರೆಗೆ ಕಳಿಸಿದೆ. "ಎಲ್ಲೂ ಬಡಿಬಾರದು, ಕೂಸಿನಂಗ ತಗಂಬಾ" ಅಂದಿದ್ದೆ. ಅವ ಶಾಫ್ಟನ್ನ ಕೌದ್ಯಾಗ ಸುತ್ತಿ, ಬಸ್ಸಿನ ಸೀಟಿನ ಮ್ಯಾಲ ಉದ್ದಕ್ಕ ಮಲಗಿಸಿ, ತಾನು ನಿಂತಾನ. ಹರಪನಹಳ್ಳ್ಯಾಗ ಒಬ್ಬಾಕಿ ಅಜ್ಜಿ ಹತ್ತಿದ್ಲಂತ.

"ಏನಲೇ, ನಾ ನಿಂತೀನಿ, ಕಬ್ಬಿಣ ಮಲಗೈತಿ?"

"ಯಮ್ಮಾ, ಇದಕ್ಕೇನಾರ ಆದ್ರ ನನ್ನ ಮದುವಿ ನಿಲ್ಲತೈತಿ."

ಮದುವಿ ಅಂದಕೂಡ್ಲೆ ಬಸ್ಸಿಗೆ ಬಸ್ಸೇ ತಿರುಗಿ ನೋಡ್ತು. ಅಜ್ಜಿ ಕುಂತು, ಶಾಫ್ಟನ್ನ ತೊಡಿ ಮ್ಯಾಲ ಹಾಕ್ಕಂಡಳು. ಡ್ರೈವರ್ ಸತೇಕ ಹಂಪು ಬಂದಲ್ಲೆಲ್ಲ ಮೆಲ್ಲಕ ದಾಟಿಸಿದ. ಕೊಟ್ಟೂರಾಗ ಇಳಿಯೋ ಮುಂದ ಅಜ್ಜಿ ಕೌದಿ ಸರಿಸಿ, ಶಾಫ್ಟಿನ ತಲಿ ಸವರಿ, "ನೂರು ವರ್ಷ ಬಾಳು ನನ್ನಪ್ಪ" ಅಂದಳಂತ.

ಹುಡುಗಗ ಏನೂ ಅನ್ನಲಿಲ್ಲಂತ.

೩. ಬರೀ ಹಣಿ

ಟೈಮಿಂಗ್ ಗೇರಿನ ಮ್ಯಾಲ ಗುರುತಿನ ಚುಕ್ಕಿ ಇರತಾವು. ಚುಕ್ಕಿಗೆ ಚುಕ್ಕಿ ಎದುರಾಬದರಾ ಕುಂದ್ರಿಸಬೇಕು. ಒಂದು ಹಲ್ಲು ತಪ್ಪಿದ್ರೂ ಒಳಗ ವಾಲ್ವಿಗೂ ಪಿಸ್ಟನ್ನಿಗೂ ಡಿಕ್ಕಿ. ನನ್ನ ಕಣ್ಣಿಗೆ ಕಾಣಲಿ ಅಂತ ಆ ಚುಕ್ಕಿಗೆ ಕೆಂಪು ಬಣ್ಣ ಹಚ್ಚಿಟ್ಟು ಊಟಕ್ಕ ಹೋದೆ. ಬಂದು, ಕೆಂಪಿಗೆ ಕೆಂಪು ಕೂಡಿಸಿ, ಎಂಜಿನ್ ಕೈಲೆ ತಿರುವಿದೆ. ಟಕ್ ಅಂತ ನಿಂತಿತು. ಬಿಚ್ಚಿ ಮತ್ತ ಕೂಡಿಸಿದೆ. ಮತ್ತ ಟಕ್.

ಚಾಳೀಸ ಹಾಕ್ಕಂಡು ನೋಡತೀನಿ, ಗೇರಿನ ತುಂಬ ಕೆಂಪು ಚುಕ್ಕಿ! ನಾನು ಊಟಕ್ಕ ಹೋದಾಗ ಹುಡುಗನ ಅವ್ವ ಲಾರಿ ನೋಡಾಕ ಬಂದಾಳ. ಮೂಲ್ಯಾಗ ಕುಂತು ಎಲಿ ಅಡಿಕಿ ಹಾಕ್ಕಣಾಕತ್ತಿದ್ಲು.

"ಯಕ್ಕಾ, ಇದೇನು ಮಾಡೀ?"

"ಹೊಸ ಸಾಮಾನು ಬರೀ ಹಣ್ಯಾಗ ಇರಬಾರದು ತಮ್ಮಾ. ನೀ ಒಂದ ಕಡಿ ಕುಂಕುಮ ಇಟ್ಟು ಹೊಂಟ್ಹೋಗಿದ್ದಿ. ಉಳಿದ ಹಲ್ಲಿಗೆಲ್ಲ ನಾನ ಇಟ್ಟೆ."

ಎಲ್ಲಾ ಒರಸಿದೆ. ಈ ಸಲ ಬಿಳೇ ಬಣ್ಣದ ಡಬ್ಬಿ ತೆಗದೆ. ಯಕ್ಕನ ಕೈ ಸೀರಿ ಗಂಟಿನ ಕಡಿ ಹೋತು. "ವಿಭೂತಿ ಬ್ಯಾಡಬೇ" ಅಂತ ಮೊದ್ಲ ಕೈ ಮುಗದೆ.

೪. ನಡಿಗಿ

ಸೋಮವಾರ ಮುಂಜಾನೆ ಎಂಜಿನ್ ಚಾಲೂ ಆತು. ಬೆಲ್ಲದಂಥಾ ಸಪ್ಪಳ. ಟೈಮಿಂಗ್ ಕವರಿಗೆ ಹಚ್ಚಿದ ಅಂಟು ಮಾತ್ರ ಇನ್ನೂ ಹಸಿ ಇತ್ತು, ಒಣಗೋತನ ಬಿಡಬೇಕು ಅಂತಿದ್ದೆ. ಅಷ್ಟ್ರಾಗ ಬೀಗರು ಬಂದ ಬಿಟ್ರು, ಅಪ್ಪ, ಅವ್ವ, ಜೊತಿಗೆ ಹುಡುಗಿನೂ. ಲಾರಿ ಇಲ್ಲೈತಿ ಅಂತ ಯಾರೋ ಹೇಳಿದ್ರಂತ, ಕೂಡ್ಲಿಗಿ ಹಾದ್ಯಾಗ ಕೊಟ್ಟೂರಾಗ ಇಳದು, ಸೀದಾ ಗ್ಯಾರೇಜಿಗೆ!

ಹುಡುಗಿಯಪ್ಪ ಯಾರನ್ನೂ ಮಾತಾಡಿಸಲಿಲ್ಲ. "ಒಂಚೂರು ನಡೆಸಿ ತೋರಸ್ರಿ" ಅಂದ. ಲಾರಿನ.

ನಾನು ಹತ್ತಿ ಮುಂದಕ್ಕ ಬಿಟ್ಟೆ. ಲಾರಿ ನಿಂತಿದ್ದ ಜಾಗದಾಗ ತಾಟಿನಷ್ಟು ಅಗಲ ಎಣ್ಣಿ! ಹುಡುಗ ನೋಡಿದ. ಒಂದ ಜಿಗಿತಕ್ಕ ಹೋಗಿ ಎರಡೂ ಕಾಲಿಟ್ಟು ಅದರ ಮ್ಯಾಲ ನಿಂತ.

"ವಯಸ್ಸೆಷ್ಟು?" ಅಂದ ಹುಡುಗಿಯಪ್ಪ.

"ನನಗಿಂತ ಸ್ವಲ್ಪ ದೊಡ್ಡದ್ರಿ" ಅಂದ ಹುಡುಗ, ನಿಂತಲ್ಲಿಂದನ.

"ದನಿ ಹೆಂಗೈತಿ?" ನಾನು ಹಾರ್ನ್ ಹೊಡದೆ.

ಹುಡುಗಿಯವ್ವ, "ಬಾರಪ್ಪ, ಚಾ ಕುಡಿಯಾನ" ಅಂದಳು.

"ಇಲ್ಲೇ ಚೊಲೋ ಐತ್ರಿ."

ಕಡೀಕೆ ಹುಡುಗಿನ ಬಾಯಿ ಬಿಟ್ಲು: "ಅಲ್ಲಿ ಬಿಸಲೈತಿ, ನೆಳ್ಳಿಗೆ ಬರ್ರಿ."

"ನಂಗ ಬಿಸಲಂದ್ರ ಭಾಳ ಇಷ್ಟರಿ" ಅಂದ, ಬೆವರು ಒರಸಿಕೆಂತ.

ಲಾರಿ ನಿಲ್ಲಿಸಿದ್ರ ಅಲ್ಲೂ ಎಣ್ಣಿ ಬೀಳತೈತಿ ಅಂತ ನಾನು ಸುತ್ತಾಕತ್ತೆ. ನಾನು ನಿಲ್ಲಂಗಿಲ್ಲ, ಅವ ನಡಿಯಂಗಿಲ್ಲ. ಬೀಗರು ಹೊಂಟಾಗ ಬಸ್ಸಿಗೆ ಕುಂದ್ರಿಸಿ ಕಳಸಾಕ ಸತೇಕ ಅವ ಬರಲಿಲ್ಲ. ದೂರದಿಂದನ ಕೈ ಮುಗದ.

ಸಂಜಿಕೆ ಹುಡುಗಿಯಪ್ಪನ ಫೋನು ಬಂತು. ಹುಡುಗ ಅದನ್ನ ನನ್ನ ಕೈಗೆ ಕೊಟ್ಟ.

"ಮೇಸ್ತ್ರಿ, ಲಾರಿ ಒಪ್ಪಿಗಿ ಐತಿ. ನಡಿಗಿ ಭಾಳ ಚೊಲೋ. ನಮ್ಮ ಹುಡುಗಿಗೂ ಅವನ ಮಾರಿ ಒಪ್ಪಿಗಿ, ಆದ್ರ ಕಾಲಿಂದ ಅನುಮಾನ. ಮುಂದಿನ ವಾರ ಮತ್ತ ಬರತೀವಿ. ಈ ಸಲ ಲಾರಿ ಮನ್ಯಾಗ ಬಿಟ್ಟು, ಹುಡುಗನ್ನ ಒಂದು ರೌಂಡು ಓಡಿಸಿ ತೋರಸ್ರಿ."