ಸುರಂಗ ದಾಟದ ರೈಲು

ಜಿಂತನಾ ಹೇಳಿದ ಸುಳ್ಳು ತೀರಾ ದೊಡ್ಡದೇನಲ್ಲ. "ಹುಡುಗ ಏನು ಕೆಲಸ ಮಾಡ್ತಾನೆ?" ಎಂದು ಅಪ್ಪ ಕೇಳಿದಾಗ "ಕಂಪ್ಯೂಟರ್ ಇಂಜಿನಿಯರ್" ಅಂದುಬಿಟ್ಟಿದ್ದಳು, ಅಷ್ಟೇ. ಅವಳು ಮೆಚ್ಚಿದ ಹುಡುಗ ಮಾನೋಪ್ ಕೆಲಸಕ್ಕಿದ್ದದ್ದು ಲಂಪಾಂಗ್ ಊರಿನ ಕೋರ್ಟಿನ ಎದುರಿರುವ ಜೆರಾಕ್ಸ್ ಅಂಗಡಿಯಲ್ಲಿ. ಅಲ್ಲೂ ಒಂದು ಕಂಪ್ಯೂಟರ್ ಇತ್ತು. ಅಂಗಡಿಯ ಬೆಕ್ಕು ಅದರ ಮೇಲೆ ಮಲಗುತ್ತಿತ್ತು. ಹಾಗಾಗಿ ತನ್ನ ಮಾತು ಪೂರ್ತಿ ಸುಳ್ಳಲ್ಲ ಎಂಬುದು ಜಿಂತನಾಳ ವಾದ.

ಈ ಸುಳ್ಳಿಗೆ ಕಾಲು ಬಂದದ್ದು ಒಂದು ಭಾನುವಾರ ಬೆಳಿಗ್ಗೆ. "ಅಪ್ಪ ಕರೀತಿದ್ದಾರೆ, ಈಗಲೇ ಬಾ. ಅವರ ಆಟ ಕೆಟ್ಟಿದೆ," ಎಂದು ಅವಳು ಫೋನಿನಲ್ಲಿ ಪಿಸುಗುಟ್ಟಿದಾಗ ಮಾನೋಪ್ ಶರ್ಟಿನ ಗುಂಡಿ ಹಾಕಿಕೊಳ್ಳುತ್ತಲೇ ಹೊರಟ.

ಜಿಂತನಾಳ ಅಪ್ಪ ಸವಾಂಗ್ ರಿಟೈರಾದ ಸ್ಟೇಷನ್ ಮಾಸ್ಟರು. ಬೀದಿಯವರಿಗೆಲ್ಲ ಈಗಲೂ ಅವರು 'ಮಾಸ್ಟ್ರು'. ಇಡೀ ಜೀವಮಾನ ಬೇರೆಯವರು ಓಡಿಸುವ ರೈಲಿಗೆ ಹಸಿರು ಬಾವುಟ ತೋರಿಸಿದ ಮನುಷ್ಯ. ಒಂದೇ ಒಂದು ಸಲವೂ ತಾನು ಓಡಿಸಲಾಗಲಿಲ್ಲವೆಂಬ ಕೊರಗನ್ನು ಈಗ ಕಂಪ್ಯೂಟರಿನಲ್ಲಿ ತೀರಿಸಿಕೊಳ್ಳುತ್ತಿದ್ದರು. 'ಬೆಟ್ಟದ ರೈಲು' ಎಂಬ ಆಟ. ಇಸ್ತ್ರಿ ಮಾಡಿದ ಹಳೆಯ ಯೂನಿಫಾರ್ಮ್ ತೊಟ್ಟೇ ಅದರ ಮುಂದೆ ಕೂರುತ್ತಿದ್ದರು. ಆದರೆ ರೈಲು ಬೆಟ್ಟ ಹತ್ತಿ ಸುರಂಗದ ಬಾಯಿಗೆ ಬಂತೋ, ಪರದೆ ಗಕ್ಕನೆ ನಿಂತು, ಆಟ ಮುಚ್ಚಿಕೊಂಡು, ಇಂಗ್ಲಿಷಿನ ಎರಡು ಸಾಲಿನ ಕೆಳಗೆ ಉದ್ದನೆಯದೊಂದು ನಂಬರು ಕಾಣಿಸಿಕೊಳ್ಳುತ್ತಿತ್ತು.

"ನೀನೇನಾ ಇಂಜಿನಿಯರ್ರು?" ಮಾಸ್ಟ್ರು ಅವನನ್ನು ತಲೆಯಿಂದ ಕಾಲಿನವರೆಗೆ ನೋಡಿದರು.

"ಹೌದು ಮಾಸ್ಟ್ರೇ... ಸುಮಾರಾಗಿ."

"ಸುಮಾರಾಗಿ ಅಂದ್ರೆ? ರೈಲು ಸುಮಾರಾಗಿ ಹಳಿ ಮೇಲಿರುತ್ತಾ?" ಕೈ ಕಟ್ಟಿಕೊಂಡು ಕುರ್ಚಿಗೆ ಒರಗಿದರು. "ನೋಡಪ್ಪಾ, ನಂದು ನೇರ ಮಾತು. ಇವತ್ತು ಸಂಜೆಯೊಳಗೆ ನನ್ನ ಗಾಡಿ ಸುರಂಗ ದಾಟಿದರೆ ನಿಮ್ಮಮ್ಮ ಬಂದು ಹೆಣ್ಣು ಕೇಳಲಿ. ದಾಟಲಿಲ್ಲ ಅಂದ್ರೆ ಪಾಪ, ಆಯಮ್ಮನಿಗೆ ಬಸ್ಸಿನ ಖರ್ಚು ಯಾಕೆ?"

ಬಾಗಿಲ ಮರೆಯಲ್ಲಿ ಜಿಂತನಾ ಎರಡೂ ಕೈ ಜೋಡಿಸಿ ನಿಂತಿದ್ದಳು. ಅವಳ ಮುಖ ನೋಡಿ ಮಾನೋಪನಿಗೆ ಅಳು ಬರುವಂತಾಯಿತು. ಇವಳಿಲ್ಲದೆ ಬದುಕಲಾರೆನೆಂದು ಅವನಿಗೆ ಗೊತ್ತಿತ್ತು. ಕಂಪ್ಯೂಟರಿನ ಬಗ್ಗೆ ಏನೂ ಗೊತ್ತಿಲ್ಲವೆಂದೂ ಅಷ್ಟೇ ಚೆನ್ನಾಗಿ ಗೊತ್ತಿತ್ತು.

ಅವನು ಕಂಪ್ಯೂಟರಿನ ಡಬ್ಬಿಯ ಸುತ್ತ ಒಂದು ಪ್ರದಕ್ಷಿಣೆ ಹಾಕಿ "ಹ್ಞೂಂ" ಅಂದ. ಡಾಕ್ಟರುಗಳು ಹಾಗನ್ನುವುದನ್ನು ನೋಡಿದ್ದ. ಮಾಸ್ಟ್ರಿಗೆ ತುಸು ನಂಬಿಕೆ ಬಂತು. ಜೆರಾಕ್ಸ್ ಯಂತ್ರ ಕೆಟ್ಟಾಗ ಅವನು ಮಾಡುತ್ತಿದ್ದದ್ದು ಒಂದೇ, ಮುಚ್ಚಳ ತೆಗೆದು ಒಳಗೆ ಸಿಕ್ಕಿಕೊಂಡ ಕಾಗದ ಎಳೆದು ಮುಚ್ಚಳ ಹಾಕುವುದು. ಇಲ್ಲಿ ಮುಚ್ಚಳ ತೆಗೆದ. ಕಾಗದ ಇರಲಿಲ್ಲ. ಮುಚ್ಚಳ ಹಾಕಿದ.

"ಈಗ ಓಡಿಸಿ ನೋಡಿ."

ರೈಲು ಹೊರಟಿತು, ಬೆಟ್ಟ ಹತ್ತಿತು, ಸುರಂಗದ ಬಾಯಲ್ಲಿ ಸತ್ತಿತು.

ಅಷ್ಟರಲ್ಲಿ ಪಕ್ಕದ ಮನೆಯ ಮಾಲೈ ದೊಡ್ಡಮ್ಮ ಸುಟ್ಟ ಬಾಳೆಹಣ್ಣಿನ ತಟ್ಟೆ ಹಿಡಿದು ಬಂದರು. ಹಣ್ಣು ನೆಪ, ಹುಡುಗನನ್ನು ನೋಡುವುದು ಕೆಲಸ. ಪರದೆ ನೋಡಿದವರೇ ಕೆನ್ನೆ ಬಡಿದುಕೊಂಡರು.

"ಅಲ್ಲಾ ಮಾಸ್ಟ್ರೇ, ಸುರಂಗದೊಳಗೆ ಹೋಗೋ ಮೊದಲು ಹಾರನ್ ಹೊಡೆದ್ರಾ? ಸುರಂಗ ಅಂದ್ಮೇಲೆ ಅದನ್ನ ಕಾಯೋ ದೇವರು ಇರಲ್ವಾ? ಬಸ್ಸಿನೋರೂ ಗುಡಿ ಮುಂದೆ ಹಾರನ್ ಹೊಡೆದು ಅಪ್ಪಣೆ ಕೇಳಿ ಹೋಗ್ತಾರೆ. ನೀವು ಸೀದಾ ನುಗ್ಗಿದ್ರೆ ಬಿಡ್ತಾರಾ?"

"ಅದು ಆಟದ ಸುರಂಗ, ದೊಡ್ಡಮ್ಮ," ಅಂದ ಮಾನೋಪ್.

"ಆಟವೋ ನಿಜವೋ, ಕತ್ತಲೆ ಕತ್ತಲೆಯೇ. ನೀನು ಸುಮ್ಮನಿರಪ್ಪಾ ಇಂಜಿನಿಯರ್ರು."

ಮಾಸ್ಟ್ರಿಗೆ ಇದು ತಾನು ಮರೆಯಬಾರದಿದ್ದ ನಿಯಮ ಅನ್ನಿಸಿ ನಾಚಿಕೆಯಾಯಿತು. ಮತ್ತೆ ರೈಲು ಹೊರಡಿಸಿ, ಸುರಂಗ ಕಂಡದ್ದೇ ಮೂರು ಸಲ ಉದ್ದನೆಯ ಹಾರನ್ ಹೊಡೆದರು. ಎದುರುಮನೆಯ ನಾಯಿ ಬೊಗಳಿತು. ರೈಲು ಸತ್ತಿತು. ಹಾರನ್ ಸದ್ದಿಗೆ ಹಜಾಮ ಥೊಂಗ್ ಅರ್ಧ ತಲೆ ಬೋಳಿಸಿದ ಗಿರಾಕಿಯನ್ನು ಕುರ್ಚಿಯಲ್ಲೇ ಬಿಟ್ಟು ಓಡಿಬಂದ.

"ಏನಾಯ್ತು? ಯಾವ ಗಾಡಿ?"

ಮಾಲೈ ದೊಡ್ಡಮ್ಮ ಪರದೆಗೆ ಮೂಗು ತಾಗಿಸಿ ನಿಂತಿದ್ದರು.

"ಥೊಂಗ್... ಇಲ್ಲಿ ನೋಡೋ. ನಂಬರು!"

ಮಾನೋಪ್ ತಾಳ್ಮೆಯಿಂದ ವಿವರಿಸಿದ. "ದೊಡ್ಡಮ್ಮ, ಅದು ಏನು ತಪ್ಪಾಗಿದೆ ಅಂತ ಯಂತ್ರ ಹೇಳೋ ನಂಬರು. ಜ್ವರ ಇದ್ದ ಹಾಗೆ."

"ಜ್ವರದಲ್ಲಿ ಬಡಬಡಿಸೋವಾಗಲೇ ದೇವರು ಮಾತಾಡೋದು! ಇವತ್ತು ತಾರೀಖು ಎಷ್ಟು? ಒಂದು! ಮಧ್ಯಾಹ್ನ ಲಾಟರಿ ಡ್ರಾ! ಒಂದನೇ ತಾರೀಖು ಬೆಳಿಗ್ಗೆ ಸುರಂಗದ ಬಾಯಲ್ಲಿ ಸುಮ್ಸುಮ್ಮನೆ ನಂಬರು ಬರುತ್ತೇನೋ?"

ಲಾಟರಿಯ ಬಹುಮಾನಕ್ಕೆ ಕೊನೆಯ ಎರಡಂಕಿ ಹೊಂದಿದರೂ ಸಾಕು. ಥೊಂಗ್ ಆಗಲೇ ಅವನ್ನು ಅಂಗೈ ಮೇಲೆ ಬರೆದುಕೊಂಡಿದ್ದ. ನಲವತ್ತೇಳು. "ಮೊದಲನೇ ಸಲ ಏನು ಬಂದಿತ್ತು?" ಎಂದು ಕೇಳಿದ. ಮಾಸ್ಟ್ರಿಗೆ ನೆನಪಿತ್ತು, ಅದು ಬೇರೆ ನಂಬರು. ಮಾಲೈ ದೊಡ್ಡಮ್ಮ ತೀರ್ಪು ಕೊಟ್ಟರು. ಒಂದು ಸಲ ಬಂದದ್ದು ಗಾಳಿ ಮಾತು. ಎರಡು ಸಲ ಬಂದದ್ದು ದೇವರ ಮಾತು.

"ಹಾಗಾದ್ರೆ ಇನ್ನೊಂದು ಸಲ ಸಾಯಿಸಿ!"

ಸುದ್ದಿ ಬೀದಿಯ ಕೊನೆಯವರೆಗೆ ಮುಟ್ಟಲು ಒಂದು ಬಾಳೆಹಣ್ಣು ತಿನ್ನುವಷ್ಟು ಹೊತ್ತೂ ಬೇಕಾಗಲಿಲ್ಲ. ಜನ ಚಪ್ಪಲಿ ಬಿಟ್ಟು ಒಳಗೆ ಬಂದರು. ಬಂದವರು ಬರಿಗೈಯಲ್ಲಿ ಬರಲಿಲ್ಲ. ಒಬ್ಬಳು ಕಂಪ್ಯೂಟರಿನ ಡಬ್ಬಿಗೆ ಮಲ್ಲಿಗೆ ಹಾರ ಹಾಕಿದಳು. ಇನ್ನೊಬ್ಬ ದೇವರಿದೆಯೆಂದು ಆಲದ ಮರಕ್ಕೆ ಸುತ್ತುವಂಥ ಮೂರು ಬಣ್ಣದ ಬಟ್ಟೆ ಸುತ್ತಿದ. ಥೊಂಗ್ ತನ್ನ ಅಂಗಡಿಯ ಪೌಡರ್ ಡಬ್ಬಿ ತಂದು ಕಂಪ್ಯೂಟರಿನ ಬೆನ್ನಿಗೆಲ್ಲ ಉದುರಿಸಿ ಅಂಗೈಯಲ್ಲಿ ತಿಕ್ಕತೊಡಗಿದ.

"ಥೊಂಗಣ್ಣ! ಏನ್ ಮಾಡ್ತಿದ್ದೀಯ?" ಮಾನೋಪ್ ಕಿರುಚಿದ.

"ತಿಕ್ಕಿದರೆ ಅಂಕಿ ಮೂಡುತ್ತಪ್ಪಾ. ದೇವರ ಮರದ ಬೊಡ್ಡೆಗೆ ಪೌಡರ್ ತಿಕ್ಕಿದಾಗ ಲಾಟರಿ ನಂಬರು ಮೂಡಲ್ವಾ?"

ಪೌಡರೆಲ್ಲ ಒಳಗಿನ ಫ್ಯಾನು ಎಳೆದುಕೊಂಡಿತು. ಡಬ್ಬಿ ಸೀನಿದಂತೆ ಸದ್ದು ಮಾಡಿತು. ಮಾಲೈ ದೊಡ್ಡಮ್ಮ ಅದನ್ನು ಶುಭವೆಂದು ಬಗೆದು ಕೆಂಪು ಶರಬತ್ತಿನ ಬಾಟಲಿಗೆ ಸ್ಟ್ರಾ ಹಾಕಿ ಅದರ ಮುಂದಿಟ್ಟು ಕೈ ಮುಗಿದರು.

ಬಿಸಿಲು ಏರುತ್ತಿತ್ತು, ಸಂಜೆ ಹತ್ತಿರವಾಗುತ್ತಿತ್ತು, ಮಾನೋಪನನ್ನು ಯಂತ್ರದ ಹತ್ತಿರಕ್ಕೂ ಬಿಡುವವರಿರಲಿಲ್ಲ. ಅವನು ಒಂದು ತಿರುಪು ಬಿಚ್ಚಿದರೆ "ಈಗ ಬೇಡ ಕಣಪ್ಪಾ, ಇನ್ನೊಂದು ಸಲ ಸಾಯಲಿ" ಎಂದು ಯಾರೋ ಅದನ್ನು ಹಾಕಿಸುತ್ತಿದ್ದರು. ಕಾಯಿಲೆಯವನಿಗೆ ಔಷಧಿ ಕೊಡಹೋದರೆ ನೆಂಟರೆಲ್ಲ ಸೇರಿ ಕೈ ಹಿಡಿದಂತಾಯಿತು ಅವನ ಪಾಡು.

"ಮಾಸ್ಟ್ರೇ, ನೀವಾದ್ರೂ ಹೇಳಿ," ಎಂದು ಅಂಗಲಾಚಿದ.

ಮಾಸ್ಟ್ರು ಯೂನಿಫಾರ್ಮಿನ ಗುಂಡಿ ಸರಿಮಾಡಿಕೊಂಡರು. "ನನಗೆ ಈ ಮೂಢನಂಬಿಕೆಯೆಲ್ಲ ಇಲ್ಲ. ನನಗೆ ಬೇಕಾಗಿರೋದು ಸುರಂಗ ದಾಟೋದು. ಸಂಜೆಯೊಳಗೆ," ಅಂದರು. ಆಮೇಲೆ ದನಿ ತಗ್ಗಿಸಿ, "ಆದ್ರೂ ಇಷ್ಟು ಜನ ಬಂದಿದ್ದಾರೆ. ಇನ್ನೊಂದು ಸಲ ಓಡಿಸೋಣ," ಅಂದರು.

ಓಡಿಸಿದರು. ಸತ್ತಿತು. ಮೂವತ್ತೊಂದು. ಜನ ನಿಟ್ಟುಸಿರಿಟ್ಟರು. ಮತ್ತೆ ಓಡಿಸಿದರು. ಬೀದಿಯೇ ಉಸಿರು ಬಿಗಿಹಿಡಿಯಿತು. ರೈಲು ಬೆಟ್ಟ ಹತ್ತಿತು, ಮಾಸ್ಟ್ರು ಹಾರನ್ ಹೊಡೆದರು, ಪರದೆ ನಿಂತಿತು. ನಂಬರಿನ ಕೊನೆಯಲ್ಲಿ ನಲವತ್ತೇಳು.

"ಎರಡು ಸಲ!" ಎಂದು ಕೂಗಿದ ಥೊಂಗ್. ಸೈಕಲ್ಲಿನ ಮೇಲೆ ಮರದ ಹಲಗೆ ಕಟ್ಟಿಕೊಂಡು ಲಾಟರಿ ಟಿಕೆಟ್ ಮಾರುವವನು ಅಷ್ಟು ಹೊತ್ತಿಗೆ ಬೀದಿ ತಿರುವಿಗೆ ಬಂದಿದ್ದ. ಜನ ಬಿದ್ದಂಬೀಳ ಓಡಿದರು. ಹೋಗುವಾಗ ಯಾರದೋ ಚಪ್ಪಲಿ ಯಾರೋ ಹಾಕಿಕೊಂಡು ಹೋದರು. ಮಾಸ್ಟ್ರು ಮಾತ್ರ "ಬೀದಿ ನಾಯಿಗೆ ಅನ್ನ ಹಾಕಿ ಬರ್ತೀನಿ" ಎಂದು ಎದ್ದು ಹೋದರು. ಅವರ ಕೈಯಲ್ಲಿ ಅನ್ನ ಇರಲಿಲ್ಲ.

ಮನೆ ಖಾಲಿಯಾಯಿತು. ಮಾನೋಪ್ ನೆಲಕ್ಕೆ ಕುಸಿದು ಕೂತ. ಜಿಂತನಾ ಅಂಟಕ್ಕಿ ಅನ್ನದ ಉಂಡೆಯನ್ನು ಹಸಿಮೆಣಸಿನ ಚಟ್ನಿಗೆ ಅದ್ದಿ ಅವನ ಬಾಯಿಗಿಟ್ಟಳು.

"ನನ್ನದೇ ತಪ್ಪು. ನಿಜ ಹೇಳಿಬಿಡ್ಲಾ?"

"ಈಗ ಹೇಳಿದ್ರೆ ಇಬ್ಬರನ್ನೂ ಸುರಂಗದೊಳಗೆ ಹಾಕ್ತಾರೆ ನಿಮ್ಮಪ್ಪ. ಬಾಗಿಲು ಹಾಕು. ನೋಡೇಬಿಡ್ತೀನಿ."

ಆಮೇಲೆ ಅವನು ಮಾಡಿದ್ದಕ್ಕೆ ಒಂದು ಕ್ರಮವಿರಲಿಲ್ಲ. ಹಾರ ತೆಗೆದ, ಬಟ್ಟೆ ಬಿಚ್ಚಿದ, ಪೌಡರನ್ನು ಹಲ್ಲುಜ್ಜುವ ಬ್ರಷ್ಷಿನಿಂದ ಕೆರೆದು ಊದಿ, ತಾನೇ ಬಿಳಿಯ ಭೂತದಂತಾದ. ಒಳಗೆ ಕೈಗೆ ಸಿಕ್ಕಿದ್ದನ್ನೆಲ್ಲ ಕಿತ್ತು, ಒರೆಸಿ, ಎಲ್ಲಿ ಹೊಂದುತ್ತದೋ ಅಲ್ಲಿ ಒತ್ತಿದ. ಒಂದು ತಿರುಪು ಉಳಿಯಿತು. ಅದನ್ನು ಜೇಬಿಗೆ ಹಾಕಿಕೊಂಡ. ಆಟವನ್ನು ಅಳಿಸಿ ಮತ್ತೆ ಹಾಕಿದ. ಯಾರೂ ನೋಡುತ್ತಿಲ್ಲವೆಂದು ಖಾತ್ರಿಮಾಡಿಕೊಂಡು ಅಂಗಳದ ಕಂಬದ ಮೇಲಿನ, ಮನೆ ಕಾಯುವ ದೇವರ ಪುಟ್ಟ ಗುಡಿಗೂ ಒಂದು ನಮಸ್ಕಾರ ಹಾಕಿ ಬಂದ.

ರೈಲು ಹೊರಡಿಸಿದ. ಬೆಟ್ಟ. ತಿರುವು. ಸೇತುವೆ. ಸುರಂಗದ ಬಾಯಿ ಹತ್ತಿರವಾಯಿತು. ಜಿಂತನಾ ಅವನ ತೋಳು ಗಟ್ಟಿಯಾಗಿ ಹಿಡಿದಳು. ಕತ್ತಲೆ. ಕತ್ತಲೆ. ಇನ್ನೂ ಕತ್ತಲೆ. ಆಮೇಲೆ ಪರದೆಯ ತುಂಬ ಹಸಿರು ಗದ್ದೆ!

"ದಾಟ್ತು!" ಎಂದು ಮಾನೋಪ್ ಕೂಗಿದ. ಅದೇ ಕ್ಷಣಕ್ಕೆ ಬೀದಿಯೆಲ್ಲ "ಬಂತು!" ಎಂದು ಕೂಗಿತು. ರೇಡಿಯೋದಲ್ಲಿ ಡ್ರಾ ಮುಗಿದಿತ್ತು. ಕೊನೆಯ ಎರಡಂಕಿ ನಲವತ್ತೇಳು.

ಬಾಗಿಲು ದೂಡಿಕೊಂಡು ಮೊದಲು ಒಳಗೆ ನುಗ್ಗಿದವರು ಮಾಸ್ಟ್ರು. ಕೈಯಲ್ಲಿ ಟಿಕೆಟ್ಟಿನ ಬೀಸಣಿಗೆಯೇ ಇತ್ತು. ಪೌಡರು ಮೆತ್ತಿದ ಮಾನೋಪನನ್ನು ಹಾಗೇ ಬಾಚಿ ತಬ್ಬಿಕೊಂಡರು.

"ಅಳಿಯಂದ್ರೇ! ನೀವು ಬಂದ ಗಳಿಗೆ ಎಂಥಾ ಗಳಿಗೆ! ನಾಳೆಯೇ ನಿಮ್ಮಮ್ಮನ್ನ ಕರ್ಕೊಂಡು ಬನ್ನಿ!"

ಮಾನೋಪನ ಕಣ್ಣಲ್ಲಿ ನೀರೇ ಬಂತು. ಬೆಳಿಗ್ಗೆಯಿಂದ ಹೊತ್ತ ಭಾರವೆಲ್ಲ ಒಮ್ಮೆಗೇ ಇಳಿದಂತಾಗಿ, ಸುಮ್ಮನಿರಬೇಕಾದ ಬಾಯಿ ಸುಮ್ಮನಿರಲಿಲ್ಲ.

"ಮಾವ, ಇನ್ನೊಂದು ಸಿಹಿ ಸುದ್ದಿ. ಅಲ್ಲಿ ನೋಡಿ, ಆಟ ಸರಿಹೋಯ್ತು! ಇನ್ಮೇಲೆ ಅದು ಯಾವತ್ತೂ ನಿಲ್ಲಲ್ಲ."

ಮಾಸ್ಟ್ರ ಕೈ ಸಡಿಲವಾಯಿತು. ಜನರೆಲ್ಲ ಪರದೆಯ ಕಡೆ ತಿರುಗಿದರು. ರೈಲು ಗದ್ದೆ ಬಯಲಲ್ಲಿ ನಿಶ್ಚಿಂತೆಯಿಂದ ಓಡುತ್ತಿತ್ತು.

"ನಂಬರು?" ಎಂದರು ಮಾಲೈ ದೊಡ್ಡಮ್ಮ ಸಣ್ಣ ದನಿಯಲ್ಲಿ.

"ಇನ್ನು ಬರಲ್ಲ ದೊಡ್ಡಮ್ಮ."

"ಬರಲ್ಲ!" ಥೊಂಗ್ ಗೋಡೆಗೊರಗಿ ಕೂತ. "ಹದಿನಾರಕ್ಕೆ ಮತ್ತೆ ಡ್ರಾ ಇದ್ಯಲ್ಲೋ ಪಾಪಿ!"

"ಯಾರೋ ನಿನಗೆ ರಿಪೇರಿ ಮಾಡು ಅಂದಿದ್ದು?" ಮಾಸ್ಟ್ರು ಗುಡುಗಿದರು. 'ಅಳಿಯಂದ್ರು' ಎಲ್ಲೋ ಇಳಿದುಹೋಗಿದ್ದರು.

"ನೀವೇ ಅಲ್ವಾ ಮಾಸ್ಟ್ರೇ, ಬೆಳಿಗ್ಗೆ..."

"ಬೆಳಿಗ್ಗೆ ಹೇಳಿದ್ದು ಬೆಳಿಗ್ಗೆಗೆ! ಬೆಳಿಗ್ಗೆ ಈ ಮನೆಗೆ ದೇವರು ಬಂದಿರೋದು ನನಗೇನು ಗೊತ್ತಿತ್ತು? ಬಂದ ದೇವರನ್ನ ಬ್ರಷ್ಷಲ್ಲಿ ಕೆರೆದು ಓಡಿಸಿದ್ದೀಯಲ್ಲೋ!" ಉಸಿರು ಎಳೆದುಕೊಂಡು ಬೆರಳೆತ್ತಿದರು. "ಕೇಳು. ನಂದು ನೇರ ಮಾತು. ಹದಿನಾರರೊಳಗೆ ಈ ಗಾಡಿ ಸುರಂಗದಲ್ಲಿ ಸಾಯಬೇಕು, ನಂಬರು ಕೊಡಬೇಕು. ಕೊಟ್ಟರೆ ನಿಮ್ಮಮ್ಮ ಬರಲಿ. ಇಲ್ಲಾಂದ್ರೆ ಆಯಮ್ಮ ಮನೆಯಲ್ಲೇ ಇರಲಿ. ಇಂಜಿನಿಯರ್ರು ತಾನೇ? ಕೂತ್ಕೋ, ಕೆಡಿಸು."

ಮಾನೋಪ್ ಕೂತ. ಹಾರವನ್ನು ಮತ್ತೆ ಹಾಕಿದ, ಬಟ್ಟೆಯನ್ನು ಮೊದಲಿಗಿಂತ ಬಿಗಿಯಾಗಿ ಸುತ್ತಿದ. ಥೊಂಗ್ ಉಳಿದ ಪೌಡರನ್ನೆಲ್ಲ ಫ್ಯಾನಿಗೆ ಸುರಿದ. ಮಾಲೈ ದೊಡ್ಡಮ್ಮ ಎರಡನೇ ಶರಬತ್ತು ತಂದರು. ರೈಲು ಸುರಂಗ ಹೊಕ್ಕಿತು, ಬೆಣ್ಣೆಯಲ್ಲಿ ಚಾಕು ಇಳಿದಂತೆ ಆಚೆ ಬಂತು. ಇನ್ನೊಂದು ಸಲ ಓಡಿಸಿದ, ಮತ್ತೂ ನುಣ್ಣಗೆ ದಾಟಿತು.

"ಸರಿಮಾಡೋಕೆ ಏನೇನು ಮಾಡಿದ್ಯೋ ಅದನ್ನೇ ತಿರುಗಿಸಿ ಮಾಡೋ," ಎಂದು ಜಿಂತನಾ ಅವನ ಕಿವಿಯಲ್ಲಿ ಗೋಗರೆದಳು.

"ಏನು ಮಾಡಿದೆ ಅಂತ ಗೊತ್ತಿದ್ದಿದ್ರೆ," ಮಾನೋಪ್ ಅಳುಮೋರೆಯಲ್ಲಿ ಅಂದ, "ನಾನು ನಿಜವಾಗ್ಲೂ ಇಂಜಿನಿಯರೇ ಆಗಿರ್ತಿದ್ದೆ ಕಣೇ."

ರೈಲು ಹಾಗೇ ಮುಂದೆ ಹೋಗಿ, ಇದುವರೆಗೆ ಯಾರೂ ಕಾಣದ ಕೊನೆಯ ಸ್ಟೇಷನ್ನಿನಲ್ಲಿ ನಿಂತಿತು. ಪರದೆಯ ಮೇಲೆ ಬ್ಯಾಂಡು ಬಾರಿಸಿತು, ಹೂವು ಸುರಿಯಿತು. ತಮ್ಮ ಇಡೀ ಸರ್ವಿಸಿನಲ್ಲಿ ಹೊತ್ತಿಗೆ ಸರಿಯಾಗಿ ಬಂದ ಒಂದು ಗಾಡಿಯನ್ನೂ ಕಾಣದಿದ್ದ ಮಾಸ್ಟ್ರು ಗೋಡೆ ಗಡಿಯಾರ ನೋಡಿದರು, ಗಾಡಿ ನೋಡಿದರು, ಮಾನೋಪನನ್ನು ನೋಡಿ ಹಲ್ಲು ಕಡಿದರು.

"ಇದೊಂದು ಸರಿಯಾದ ಟೈಮಿಗೆ ಬರಬೇಕಿತ್ತಾ?" ಅಂದರು.