ನಮ್ಮ ಹಿತ್ತಲಿಗೆ ಬಂದ ಬೇವಿನ ಕೊಂಬಿ

ಬೇವಿನ ಮರ ಪಕ್ಕದ ಮನಿಯವರದು, ದಪ್ಪನ ಕೊಂಬಿ ನಮ್ಮ ಅಡಿಗಿಮನಿ ತಗಡಿನ ಮ್ಯಾಲ. ಆದೋನ್ಯಾಗ ನಾವು ಈ ಮನಿಗೆ ಬಂದಾಗಿಂದ ಎದಿ ಧಸಕ್ ಅನ್ನಲಾರದ ವಾರಾನ ಇಲ್ಲ.

ಪುಕ್ಕಟೆ ನೆಳ್ಳು

ಪಕ್ಕದಾತ ಹತ್ತಿ ವ್ಯಾಪಾರಿ. ಹೋಗಿ ಕೈ ಮುಗಿದೆ. "ಅಣ್ಣಾ, ಜೋರು ಗಾಳಿ ಬಂದ್ರ ಕೊಂಬಿ ಬಿದ್ದು ಅಡಿಗಿಮನಿ ಹೋಗತೈತಿ. ಒಳಗ ನನ್ನ ಹೆಂಡ್ತಿ ಇರ್ತಾಳ. ಕಡಸ್ರಿ."

"ಏಮನ್ನಾ, ಇಂಥ ಬಿಸಲಾಗ ನೆಳ್ಳು ಕೊಟ್ಟೀನಿ. ಥ್ಯಾಂಕ್ಸ್ ಹೇಳಾಕ ಬಂದ್ರೇನೋ ಅಂದ್ಕೊಂಡೆ!"

ಚಾ ಕುಡಿಸಿ ಕಳಿಸಿದ.

ಆಡಿನ ಊಟ

ಹಾಲಹರವಿ ಕಡೆಯ ತಾತ ಒಬ್ಬ ಓಣ್ಯಾಗ ಆಡು ಹೊಡಕೊಂಡು ಬಂದಿದ್ದ. ಕೈಯಾಗ ಉದ್ದ ಗಳ, ತುದಿಗೆ ಕುಡುಗೋಲು. "ತಾತಾ, ಈ ಕೊಂಬಿ ನಿನ್ನ ಆಡಿಗೆ" ಅಂತ ಹಿತ್ತಲ ಬಾಗಿಲು ತೆಗೆದು, ನಾನು ಬಜಾರಕ್ಕ ಹೋದೆ.

ಬಂದು ನೋಡಿದ್ರ ಕೊಂಬಿ ಅಲ್ಲೇ ಐತಿ, ಮಲ್ಲಿಗಿ ಬಳ್ಳಿ ಇಲ್ಲ, ಕರಿಬೇವಿನ ಗಿಡ ಇಲ್ಲ! ಅಯ್ಯಯ್ಯೋ ಅಂದೆ.

ತಾತ ಸಮಾಧಾನ ಮಾಡಿದ: "ದಪ್ಪ ಕೊಂಬಿ ಆಡು ತಿನ್ನಂಗಿಲ್ಲಪ್ಪ. ತಿನ್ನೋದೆಲ್ಲಾ ತಿಂದಾವ."

ಮಂಗಳವಾರದ ಪೂಜಿ

ಒಂದಿನ ಗಾಳಿಗೆ ಕೊಂಬಿ ಲಟ್ ಅಂತು. ಪಕ್ಕದಾತನೂ ಹೆದರಿ, "ಬುಧವಾರ ಕಡೀರಿ" ಅಂದ. ನನ್ನ ಹೆಂಡ್ತಿ ಬಿಡಲಿಲ್ಲ. "ಹಸಿ ಮರಾರೀ, ಮೊದಲು ತಪ್ಪಾತು ಅಂತ ಕೇಳಿಕೊಂಡು ಕಡೀಬೇಕು." ಮಂಗಳವಾರ ಸಂಜಿಗೆ ಕೊಂಬಿ ಕೈಗೆ ಸಿಗೋ ಕಡೆ ಅರಿಷಿಣ ಕುಂಕುಮ ಹಚ್ಚಿ, ದೀಪ ಇಟ್ಟು, ಕಾಯಿ ಒಡದ್ಲು. ಓಣ್ಯಾಗ ಹೋಗೋರು ಗಿಡ್ಡ ಗೋಡಿ ಮ್ಯಾಲಿಂದ ನೋಡಿ ಕೈ ಮುಗಿದು ಹೋದ್ರು.

ಬುಧವಾರ ಬೆಳಿಗ್ಗೆ ಹಿತ್ತಲ ಬಾಗಿಲು ತೆಗೆದಿಟ್ಟು ಹೋಗಿ ಕೊಡಲಿಯವನನ್ನ ಕರಕೊಂಡು ಬಂದ್ರ ಹಿತ್ತಲ ತುಂಬ ಹೆಣ್ಮಕ್ಕಳು! ಕೊಂಬಿಗೆ ಹಸಿರು ಬಳಿ, ಕುಬುಸದ ಕಣ. ಕೊಡಲಿಯವ ಕೊಡಲಿ ಕೆಳಗಿಟ್ಟು ಗಲ್ಲ ಗಲ್ಲ ಬಡಕೊಂಡ. ಪಕ್ಕದಾತ ಕಣ್ಣು ಮುಚ್ಚಿ ನಿಂತಾನ!

"ಅಣ್ಣಾ, ಕಡೀರಿ ಅಂದಿದ್ರೆಲ್ಲ?"

"ಬಿಡ್ತು ಅನ್ರಿ! ಅವ್ವ ನನ್ನ ಕಡೆ ಬರದ ನಿಮ್ಮ ಕಡೆ ಬಂದಾಳ."

ಹೆಂಡ್ತಿಗೆ ಅಂದೆ, "ನೀನರ ಹೇಳು, ಇದು ತಪ್ಪಾತು ಅನ್ನೋ ಪೂಜಿ ಅಂತ!"

"ಹೇಳೀನ್ರಿ. ಅವರೂ ಅವರವರ ತಪ್ಪು ಹೇಳ್ಕೊಳ್ಳಾಕತ್ತಾರ."

ನನಗ ಸಿಟ್ಟು ನೆತ್ತಿಗೇರಿತು. ಕೊಡಲಿ ನಾನ ಎತ್ತಿಕೊಂಡು ಕೊಂಬಿ ಕಡೆ ನಡದೆ. ಗುರುತಿಲ್ಲದ ಮುದುಕಿಯೊಬ್ಬಾಕಿ ಗಪ್ಪನ ನನ್ನ ರಟ್ಟಿ ಹಿಡದ್ಲು.

"ಏಯ್, ಯಾರಪ್ಪಾ ನೀನು? ಚಪ್ಪಲಿ ಹೊರಗ ಬಿಟ್ಟು ಸಾಲಿನ್ಯಾಗ ಬಾ! ಪಾಪ, ಈ ಮನಿ ಯಜಮಾನ ಪುಣ್ಯಾತ್ಮ, ಕರೆದು ಬಾಗಿಲು ತೆಗದಾನ. ಅವನ ಹಿತ್ತಲಾ ಹೊಲಸು ಮಾಡಬ್ಯಾಡ!"