ಫಾಸ್ಟ್ ಜೀಪಿನ ಸವಾರಿ

ಎರಡನೇ ಇಯತ್ತೆಗೇ ಸಾಲಿ ಬಿಟ್ಟಾಕಿ ನಾ. ಆದ್ರ ನನ್ನ ಕಿವಿ ಇನ್ನೂ ಸಾಲಿ ಬಿಟ್ಟಿಲ್ಲ ನೋಡ್ರಿ. ಮೈಲೂರದಾಗ ನಮ್ಮ ಗ್ವಾಡಿ ಆಚಿಗಿ ಬದರುನ್ನಿಸಾಳ ಮೊಮ್ಮಗಳು ಗುಡಿಯಾ ದಿನಾ ಪಾಠ ಒದರ್ತಾಳ: ಫಾಸ್ಟ್ ಕಾರ್, ಫಾಸ್ಟ್ ಬಸ್, ಫಾಸ್ಟ್ ಟ್ರೇನ್. ಅದೇನವ್ವಾ ಅಂತ ಕೇಳಿದೆ. ಜೋರ್ ಓಡೋ ಗಾಡಿ ಯಾವುದೇ ಇರಲಿ, ಮುಂದ ಫಾಸ್ಟ್ ಹಚ್ಚರಿ ದಾದಿಮಾ, ಇಂಗ್ಲಿಷ್ ಆತದ ಅಂದಳು. ಇಷ್ಟು ಸಸ್ತಾ ಭಾಷಾ ಇಷ್ಟು ವರ್ಷ ಬಿಟ್ಟು ಕುಂತಿದ್ದೆನಲ್ಲ! ಇನ್ನ ಈ ಭೂಮಂಡಲದಾಗ ಓಡೋ ಗಾಡಿ ಒಂದನ್ನೂ ಇಂಗ್ಲಿಷ್ ಹಚ್ಚದ ಬಿಡಂಗಿಲ್ಲ ಅಂತ ಪಣ ತೊಟ್ಟೆ.

ಅದಕ್ಕ ಮುಹೂರ್ತನೂ ಲಗೂನೆ ಬಂತು. ಔರಾದದಾಗ ತಂಗಿ ಮೊಮ್ಮಗಳು ಈಶ್ವರಿಯ ಕುಬಸ. ಹಸರು ಸೀರಿ ನನ್ನ ಚೀಲದಾಗ. ಅದನ್ನ ಉಡಿಸಿ, ಹಿರಿಯಾಕಿ ನಾ ಉಡಿ ತುಂಬೋ ತನಕ ಬಸುರಿ ಹುಡುಗಿ ಊಟಕ್ಕ ಕೂಡಂಗಿಲ್ಲ. ನಮ್ಮ ಮನಿ ಪದ್ಧತಿ ಅದು.

ಬೀದರ ಬಸ್‌ಸ್ಟ್ಯಾಂಡಿನಾಗ ನಮ್ಮ ಮನಿಯವರು, "ಬಸ್ ನಿಂತದ, ಹತ್ತು" ಅಂದ್ರು.

"ನೀವು ಅದರಾಗ ಬರ್ರಿ. ನಾ ಫಾಸ್ಟ್ ಜೀಪಿನಾಗ ಹೋಗ್ತೇನಿ."

ಜೀಪಿನ ಮುನೀರೋದ್ದೀನ ಖರೇನ ಗಾಳಿ ಹಂಗ ಓಡಿಸಿದ. ಊರು ದಾಟೋದ್ರಾಗ ಬಸ್ ಹಿಂದ ಬಿತ್ತು. ನನಗ ತಡಕೊಳ್ಳಾಕ ಆಗಲಿಲ್ಲ.

"ಮುನೀರಭಾಯಿ, ಯುವರ್ ಜೀಪ್ ಫಾಸ್ಟ್ ಜೀಪ್!"

ಗಪ್ಪನ ಬ್ರೇಕ್ ಬಿತ್ತು. ತಿರುಗಿ ನೋಡಿದ, ಕಣ್ಣಾಗ ನೀರು. ಹೆಂಡ್ತಿ ಸೈತ ಈ ಜೀಪಿಗಿ ಡಬ್ಬಾ ಅಂತಾಳಂತ. ಅಂಗ್ರೇಜಿಯೊಳಗ ಹೊಗಳಿದಾಕಿ ನಾನೇ ಮೊದಲು. ಹೊಗಳಿದವರಿಗಿ ಚಾ ಕುಡಿಸದಿದ್ರ ಅವರ ಖಾಂದಾನದ ಇಜ್ಜತ್ ಏನಾಗಬೇಕು? ಚಾ ಆಯಿತು. ಮುಂದಿನ ಹೋಟೆಲಿನಾಗ ಅವನ ಮಾಮು ಕುಂತಿದ್ದ.

"ಅಮ್ಮಾ, ಇವರ ಮುಂದ ಒಮ್ಮೆ ಅನ್ರಿ."

ಅಂದೆ. ಮತ್ತ ಚಾ. ಪಂಕ್ಚರ್ ಅಂಗಡಿ ಉಸ್ತಾದನ ಮುಂದೂ ಅಂದೆ. ಅವ ಟೈರ್ ಒದ್ದು ನೋಡಿ, ಹೌದೆಂದು ಗೋಣು ಹಾಕಿ, ತಾನೂ ಚಾ ತರಿಸಿದ. ಜೀಪಿನಾಗಿನ ಮಂದಿಗೂ ಫುಕಟ್ ಚಾ, ಅವರ್ಯಾಕ ಬ್ಯಾಡಂತಾರ? ಅಷ್ಟರಾಗ ಬಸ್ ಬಂದು ನಮ್ಮನ್ನ ದಾಟಿ ಹೋಯಿತು. ಕಿಡಕ್ಯಾಗಿಂದ ನಮ್ಮವರು ಎರಡೂ ಕೈ ಎತ್ತಿ ನನಗ ನಮಸ್ಕಾರ ಮಾಡಿದ್ರು.

ಔರಾದ ಮುಟ್ಟೋದ್ರಾಗ ಹೋಳಿಗಿ ತಣ್ಣಗಾಗಿ ರೊಟ್ಟಿ ಹಂಗ ಆಗಿದ್ದವು. ಈಶ್ವರಿ ಬಾಗಿಲದಾಗ ಹೊಟ್ಟಿ ಹಿಡಕೊಂಡು ಕುಂತಿದ್ದಳು.

"ನಾ ತಡೀತೇನಿ ಆಯಿ. ಒಳಗಿಂದು ಒದೀಲತ್ತದ."

ನಾಚಿಕಿಯಿಂದ ಭೂಮಿ ಹೊಕ್ಕಂಗಾಯಿತು. ಉಡಿ ಮಾತ್ರ ಫಾಸ್ಟ್ ತುಂಬಿದೆ ನೋಡ್ರಿ!

ಹೊಳ್ಳಿ ಬರೋವಾಗ ಸುಮ್ಮನ ಬಸ್ ಹತ್ತಿದೆ. ಆ ಡ್ರೈವರ್ ಏನು ಓಡಿಸಿದ ಅಂತೀರಿ! ಮತ್ತ ತಡೀಲಿಲ್ಲ, ಬಾಯಿ ತೆರೆದೆ. ನಮ್ಮವರು ತಂಗಿ ಕಟ್ಟಿಕೊಟ್ಟ ಗಂಟು ಬಿಚ್ಚಿ ಒಂದು ಇಡೀ ಹೋಳಿಗಿ ನನ್ನ ಬಾಯಾಗ ತುರುಕಿದ್ರು.

"ಮೊದಲು ಮನಿ ಮುಟ್ಟೋಣು. ಆಮ್ಯಾಲ ಹೊಗಳು."